ರಕ್ತಲೇಪದ ಬಣ್ಣ, ಮುರಕಲ್ಲಿನ ನೀರು: ಘಟ್ಟದ ಬುಡದಲ್ಲಿ ಮಲೇರಿಯಾ ವರ್ಣಕಗಳು

ಹೆಬ್ರಿ ಆಗುಂಬೆ ಘಟ್ಟದ ಬುಡದ ಊರು. ಪಶ್ಚಿಮ ಘಟ್ಟದ ತಪ್ಪಲಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಸೊಳ್ಳೆ ಮೊಟ್ಟೆಯಿಡುವುದು ಇಲ್ಲಿನಂಥ ತೋಡುಗಳ ಮೆಲ್ಲನೆ ಹರಿಯುವ ನೀರಿನಲ್ಲಿ. ಈ ಸೀಮೆಯ ಚಳಿಜ್ವರದ ಮಾತು ಬಂದಾಗ ಕ್ವಿನೈನ್, ಡಿಡಿಟಿ ನೆನಪಾಗುತ್ತವೆ. ರೋಗಾಣುವನ್ನು ಕಣ್ಣಿಗೆ ಕಾಣಿಸಿದ ಬಣ್ಣವನ್ನು ನೆನೆಯುವವರು ಕಡಿಮೆ.

1880ರಲ್ಲಿ ವೈದ್ಯ ಲಾವೆರಾನ್ ಮಲೇರಿಯಾ ರೋಗಾಣುವನ್ನು ಕಂಡದ್ದು ಬಣ್ಣ ಹಾಕದ ಹಸಿ ರಕ್ತದಲ್ಲಿ. ಅಷ್ಟರಲ್ಲಿ ಜರ್ಮನಿಯ ಕಾರ್ಖಾನೆಗಳಲ್ಲಿ ಬಟ್ಟೆಗಾಗಿ ಹುಟ್ಟಿದ್ದ ಮೆಥಿಲೀನ್ ಬ್ಲೂ (1876) ಪ್ರಯೋಗಶಾಲೆ ಸೇರಿತ್ತು. 1891ರಲ್ಲಿ ರೊಮನೋವ್‌ಸ್ಕಿ ಅದಕ್ಕೆ ಇಯೋಸಿನ್ ಎಂಬ ಕೆಂಪು ಬಣ್ಣ ಬೆರೆಸಿದಾಗ ರೋಗಾಣುವಿನ ಮೈ ನೀಲಿಯಾಗಿ, ಕೋಶಕೇಂದ್ರ ನೇರಳೆಗೆಂಪಾಗಿ ಮೂಡಿತು. ಹಳತಾದ ಮೆಥಿಲೀನ್ ಬ್ಲೂ ಆಕ್ಸಿಡೀಕರಣಗೊಂಡು ಅಜೂರ್ ಎಂಬ ವರ್ಣಕವಾಗುವುದೇ ಇದರ ಗುಟ್ಟು. ಲೀಶ್‌ಮನ್ (1901), ಗೀಮ್ಸಾ (1904) ಇದನ್ನೇ ತಿದ್ದಿದರು.

ನನ್ನ ದೃಷ್ಟಿಯಲ್ಲಿ ನಮ್ಮ ಹಳ್ಳಿಗಳಿಗೆ ಇವರೆಲ್ಲರಿಗಿಂತ ಮುಖ್ಯರಾದವರು ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ. ಭಾರತೀಯ ಮಲೇರಿಯಾ ಸಂಸ್ಥೆಯ ಈ ಇಬ್ಬರು 1944ರಲ್ಲಿ ಪ್ರಕಟಿಸಿದ ವರ್ಣಕಕ್ಕೆ ಅವರ ಹೆಸರಿನಿಂದಲೇ ಜೆಎಸ್‌ಬಿ ಎಂಬ ಹೆಸರು ಬಂತು. ಮೆಥಿಲೀನ್ ಬ್ಲೂ ಹಳತಾಗುವವರೆಗೆ ಕಾಯುವ ಬದಲು ಗಂಧಕಾಮ್ಲ, ಪೊಟ್ಯಾಸಿಯಂ ಡೈಕ್ರೋಮೇಟ್ ಸೇರಿಸಿ ಕುದಿಸಿ ಅಜೂರ್ ಪಡೆಯುವುದು ಅವರ ಕ್ರಮ. ವರ್ಣಕ ಕರಗುವುದು ನೀರಿನಲ್ಲಿ. ಲೀಶ್‌ಮನ್ ವರ್ಣಕವನ್ನು ಕರಗಿಸಲು ಬೇಕಾದ ಮೆಥನಾಲ್ ಇದನ್ನು ಕರಗಿಸಲು ಬೇಡ. ಸ್ಲೈಡನ್ನು ಇಯೋಸಿನ್‌ನಲ್ಲಿ ಒಂದೆರಡು ಕ್ಷಣ ಅದ್ದಿ, ತೊಳೆದು, ನೀಲಿ ದ್ರಾವಣದಲ್ಲಿ ಮುಕ್ಕಾಲು ನಿಮಿಷದಷ್ಟು ಇಟ್ಟು ಮತ್ತೆ ತೊಳೆದರೆ ಮುಗಿಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನಾ ಕಾರ್ಯಕ್ರಮ ಶುರುವಾಯಿತು. ಆರೋಗ್ಯ ಕಾರ್ಯಕರ್ತರು ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ ರಕ್ತಲೇಪ ತರುವ ಪದ್ಧತಿ ಬಂತು. ರಾಶಿ ರಾಶಿ ಸ್ಲೈಡುಗಳಿಗೆ ಅಗ್ಗದ, ಬೇಗ ಹತ್ತುವ ಬಣ್ಣವೇ ಬೇಕಿತ್ತು.

ಕರಾವಳಿಗೆ ಬಂದರೆ ನೀರಿನ ಪ್ರಶ್ನೆ. ಮುರಕಲ್ಲಿನ (ಲ್ಯಾಟರೈಟ್) ನೆಲದ ಬಾವಿನೀರು ಸಾಮಾನ್ಯವಾಗಿ ಆಮ್ಲೀಯ. ಅಂಥ ನೀರಿನಲ್ಲಿ ತೊಳೆದರೆ ಕೆಂಪು ರಕ್ತಕಣಗಳು ಅತಿಯಾಗಿ ಕೆಂಪೇರುತ್ತವೆ, ರೋಗಾಣುವಿನ ನೀಲಿ ಮಂಕಾಗುತ್ತದೆ. ವೈವಾಕ್ಸ್ ಎಂಬ ಬಗೆಯ ಮಲೇರಿಯಾ ರೋಗಾಣು ತಗಲಿದ ಕಣಗಳಲ್ಲಿ ಅದರ ಗುರುತಾಗಿ ಕಾಣಬೇಕಾದ ಶುಫ್ನರ್ ಚುಕ್ಕೆಗಳೂ ಮೂಡುವುದಿಲ್ಲ. ಇದು ಸಣ್ಣ ವಿಷಯವಲ್ಲ: ವೈವಾಕ್ಸ್ ಎಂದು ತಿಳಿದರೆ ಪ್ರಿಮಾಕ್ವಿನ್ 14 ದಿನ ಕೊಡಬೇಕು, ಇನ್ನೊಂದು ಬಗೆಯಾದ ಫಾಲ್ಸಿಪಾರಂ ಆದರೆ ಚಿಕಿತ್ಸೆಯೇ ಬೇರೆ. ಆದ್ದರಿಂದಲೇ ಫಾಸ್ಫೇಟ್ ಲವಣ ಬೆರೆಸಿದ ಬಫರ್ ನೀರು ಲ್ಯಾಬಿನಲ್ಲಿ ಬಣ್ಣದಷ್ಟೇ ಮುಖ್ಯ. ವರ್ಣಕಗಳ ಚರಿತ್ರೆಯಲ್ಲಿ ಈ ನೀರಿನ ಅಧ್ಯಾಯಕ್ಕೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ.

ಇಂದು ಮಲೇರಿಯಾವನ್ನು ಬೇಗ ಪತ್ತೆಹಚ್ಚುವ ಕಿಟ್‌ಗಳು ಬಂದಿದ್ದರೂ ಬಣ್ಣ ಹಾಕಿದ ರಕ್ತಲೇಪದ ಪರೀಕ್ಷೆ ನಿಂತಿಲ್ಲ.

ಹೆಬ್ರಿ, ಕಾರ್ಕಳ, ಕಾಪು ಸುತ್ತಿನ ಆರೋಗ್ಯ ಕೇಂದ್ರಗಳಲ್ಲಿ ಹಳೆಯ ಸ್ಲೈಡ್ ರಿಜಿಸ್ಟರುಗಳು, ವರ್ಣಕ ತಯಾರಿಸುವ ಕೈಬರಹದ ಟಿಪ್ಪಣಿಗಳು ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ನಿವೃತ್ತ ಲ್ಯಾಬ್ ಟೆಕ್ನಿಷಿಯನ್ನರ ಅನುಭವವನ್ನು ಈಗಲೇ ದಾಖಲಿಸಿಕೊಳ್ಳಿ.