ಶಾನುಭೋಗರ ಪುಸ್ತಕದಿಂದ ಬ್ಲಾಕ್‌ಚೈನ್‌ವರೆಗೆ

ನ್ಯಾಮತಿ ಕಡೆಯ ರೈತರು ಪಹಣಿಗೆಂದು ಹೊನ್ನಾಳಿ ತಾಲೂಕು ಕಚೇರಿಗೆ ಅಲೆಯುತ್ತಿದ್ದ ಕಾಲವಿತ್ತು. ಅದಕ್ಕೂ ಹಿಂದೆ ಪುಸ್ತಕವಿದ್ದದ್ದು ಊರಲ್ಲೇ, ಶಾನುಭೋಗರ ಕೈಯಲ್ಲಿ. ಹುದ್ದೆ ತಂದೆಯಿಂದ ಮಗನಿಗೆ ಬರುತ್ತಿತ್ತು. 1961ರ ಕಾಯ್ದೆಯೊಂದು 1963ರ ಫೆಬ್ರವರಿಯಿಂದ ಈ ವಂಶಪಾರಂಪರ್ಯವನ್ನು ರದ್ದುಗೊಳಿಸಿತು. ಸರಕಾರದ ಗ್ರಾಮಲೆಕ್ಕಿಗರು ಬಂದರು. ಕೈ ಬದಲಾಯಿತು, ತಿದ್ದುವ ಅವಕಾಶ ಉಳಿಯಿತು.

ಇದಕ್ಕೆ ಮದ್ದೆಂದು ಬಂದದ್ದು 'ಭೂಮಿ' ಯೋಜನೆ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆಗ 15 ರೂಪಾಯಿ ಕೊಟ್ಟರೆ ಕೌಂಟರಿನಲ್ಲೇ ಪಹಣಿ ಸಿಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಇತ್ಯರ್ಥವಾಗಬೇಕು. ಯಂತ್ರಕ್ಕೆ ಜಾತಿ ಧರ್ಮ ಗೊತ್ತಿಲ್ಲವೆಂದು ನಾವೆಲ್ಲ ಸಂತೋಷಪಟ್ಟೆವು. ಸಂತೋಷಕ್ಕೆ ಕಾರಣವೂ ಇತ್ತು. ಆದರೆ ಯಂತ್ರಕ್ಕೆ ತುಂಬಿದ್ದು ಹಳೆಯ ಕೈಬರಹವನ್ನೇ. ಅಲ್ಲಿ ಹೆಸರು ಬಿಟ್ಟುಹೋದವನು ಇಲ್ಲಿಯೂ ಬಿಟ್ಟುಹೋದ. 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲೂಕುಗಳಲ್ಲಿ ನ್ಯಾಮತಿಯೂ ಸೇರಿ, ಕಚೇರಿಯೇನೋ ಹತ್ತಿರ ಬಂತು.

ಸರಕಾರವೂ ಬೇಡ, ಶಾನುಭೋಗರೂ ಬೇಡ, ಪುಸ್ತಕದ ಪ್ರತಿ ಎಲ್ಲರ ಬಳಿಯೂ ಇರಲಿ ಎಂದು ಹೊರಟದ್ದು ಬ್ಲಾಕ್‌ಚೈನ್. 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಎಂಬ ನಾಣ್ಯದೊಂದಿಗೆ ಅದು ಬಳಕೆಗೆ ಬಂತು. ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ಲೆಕ್ಕ. ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತು. ಒಂದು ಕಡೆ ತಿದ್ದಿದರೆ ಉಳಿದವು ಒಪ್ಪುವುದಿಲ್ಲ. ಹಾಗಾಗಿ ಇದಕ್ಕೆ ರಾಜಕೀಯವಿಲ್ಲ ಎಂದರು.

2016ರ ಜೂನ್‌ನಲ್ಲಿ ಎಥೀರಿಯಮ್ ಎಂಬ ಇಂಥದೇ ಜಾಲದ ನಿಧಿಯೊಂದರಿಂದ ಯಾರೋ 36 ಲಕ್ಷ ಈಥರ್ ನಾಣ್ಯ ಸೆಳೆದುಕೊಂಡರು. ನಿಧಿಯ ನಿಯಮದಲ್ಲಿದ್ದ ಲೋಪವನ್ನೇ ಬಳಸಿಕೊಂಡ ಕಳವು. ಜುಲೈ 20ರಂದು ಬಹುಪಾಲು ಜನ ಸೇರಿ ಲೆಕ್ಕ ತಿದ್ದಿ, ಹಣ ಹಿಂದಿರುಗುವಂತೆ ಮಾಡಿದರು. ಒಪ್ಪದವರು ತಿದ್ದದ ಪುಸ್ತಕವನ್ನೇ ಹಿಡಿದು 'ಎಥೀರಿಯಮ್ ಕ್ಲಾಸಿಕ್' ಎಂದು ಬೇರೆಯಾದರು. ನನ್ನ ಮಟ್ಟಿಗೆ ತಿದ್ದಿದ್ದು ಸರಿಯೇ. ಆದರೆ ಅದು ತೀರ್ಪು, ತಟಸ್ಥತೆಯಲ್ಲ.

ಸಾಲವನ್ನು ಬರೆದಿಡಬೇಕೆನ್ನುವ ಕುರ್‌ಆನಿನ ಸೂಕ್ತ (ಅಲ್ ಬಕರಃ, 282) ನ್ಯಾಯವನ್ನು ಕೇಳುವುದು ಬರೆಯುವವನಿಂದ. ಬರೆಯುವವನಿಗೂ ಸಾಕ್ಷಿಗೂ ತೊಂದರೆ ಕೊಡಬಾರದೆಂದೂ ಅದು ಹೇಳುತ್ತದೆ. ಈ ಎರಡನೆಯ ಮಾತನ್ನು ನಾವು ಹೆಚ್ಚಾಗಿ ಓದಿ ಮುಂದೆ ಹೋಗುತ್ತೇವೆ. 2022ರ ಆಗಸ್ಟ್‌ನಲ್ಲಿ ಅಮೆರಿಕದ ಹಣಕಾಸು ಇಲಾಖೆ, ಹಣದ ಜಾಡು ಮರೆಸುವ 'ಟೊರ್ನಾಡೊ ಕ್ಯಾಶ್' ಎಂಬ ಸಾಧನವನ್ನು ಕಪ್ಪುಪಟ್ಟಿಗೆ ಸೇರಿಸಿತು. ಯಾರೂ ಜಾಲವನ್ನು ಮುಚ್ಚಿಸಲಿಲ್ಲ. ಆದರೆ ಕೆಲವೇ ತಿಂಗಳಲ್ಲಿ ಎಥೀರಿಯಮ್‌ನ ಹೊಸ ಪುಟಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಆ ಪಟ್ಟಿಯ ವಿಳಾಸಗಳನ್ನು ಕೈಬಿಡುವ ಮಧ್ಯವರ್ತಿಗಳ ಮೂಲಕವೇ ಬರತೊಡಗಿದವು. ಬರೆಯುವವರು ಹೆದರಿದ್ದರು. ಉಳಿದ ಪುಟಗಳಲ್ಲಿ ಆ ವಹಿವಾಟು ತಡವಾಗಿಯಾದರೂ ದಾಖಲಾಗುತ್ತಿತ್ತು. ಅಮೆರಿಕ 2025ರ ಮಾರ್ಚ್‌ನಲ್ಲಿ ನಿರ್ಬಂಧ ತೆಗೆಯಿತು. ಅದೂ ಜನ ನ್ಯಾಯಾಲಯದ ಮೆಟ್ಟಿಲೇರಿ, 2024ರ ನವೆಂಬರ್‌ನಲ್ಲಿ ತೀರ್ಪು ಪಡೆದ ಮೇಲೆ.