ಬಾಡಿಗೆ ವಸತಿಯಲ್ಲಿ ಖಾಸಗಿ ನಿಲುಗಡೆ ದಂಡ

ಖಾಸಗಿ ನಿಲುಗಡೆ ದಂಡವೆಂದರೆ ವಸತಿ ಸಮುಚ್ಚಯ, ವಾಣಿಜ್ಯ ಮಳಿಗೆ, ಆಸ್ಪತ್ರೆ ಮೊದಲಾದ ಖಾಸಗಿ ಜಾಗಗಳಲ್ಲಿ ನಿಯಮ ಮೀರಿ ವಾಹನ ನಿಲ್ಲಿಸಲಾಗಿದೆ ಎಂಬ ಕಾರಣಕ್ಕೆ ಆ ಜಾಗದ ಒಡೆಯರು, ನಿವಾಸಿಗಳ ಸಂಘ ಅಥವಾ ಗುತ್ತಿಗೆದಾರರು ಕೇಳುವ ಹಣ. ಸಂಚಾರ ಪೊಲೀಸರು ವಿಧಿಸುವ ದಂಡಕ್ಕೂ ಇದಕ್ಕೂ ಹೆಸರಿನಲ್ಲಿ ಮಾತ್ರ ಸಾಮ್ಯವಿದೆ. ಮೊದಲನೆಯದರ ಹಿಂದೆ ಶಾಸನದ ಅಧಿಕಾರವಿದೆ. ಎರಡನೆಯದರ ಹಿಂದೆ ಹೆಚ್ಚೆಂದರೆ ಒಂದು ಒಪ್ಪಂದವಿರುತ್ತದೆ. ಕರ್ನಾಟಕದಲ್ಲಿ ಈ ವ್ಯತ್ಯಾಸ ತಿಳಿಯದೆ ಹಣ ಕಟ್ಟುವವರಲ್ಲಿ ಬಾಡಿಗೆದಾರರ ಪಾಲು ದೊಡ್ಡದು. ಓದು ಅಥವಾ ಕೆಲಸಕ್ಕಾಗಿ ಗುಂಡ್ಲುಪೇಟೆ, ಚಾಮರಾಜನಗರಗಳಿಂದ ಮೈಸೂರು, ಬೆಂಗಳೂರಿಗೆ ಹೋಗಿ ನೆಲೆಸುವವರು ಮನೆ ಬಿಡುವ ದಿನ ತಮ್ಮ ಮುಂಗಡ ಹಣದಲ್ಲಿ 'ಪಾರ್ಕಿಂಗ್ ದಂಡ' ಎಂಬ ಕಡಿತವನ್ನು ಕಂಡು ಬೆರಗಾಗುವುದುಂಟು.

ಪೊಲೀಸ್ ದಂಡ ಮತ್ತು ಖಾಸಗಿ ದಂಡ

ಮೋಟಾರು ವಾಹನಗಳ ಅಧಿನಿಯಮ, 1988ರ 117ನೆಯ ಪ್ರಕರಣದಂತೆ ನಿಲುಗಡೆಯ ಸ್ಥಳಗಳನ್ನು ಗೊತ್ತುಪಡಿಸುವ ಅಧಿಕಾರ ರಾಜ್ಯ ಸರ್ಕಾರದ್ದು ಅಥವಾ ಅದು ಅಧಿಕಾರ ನೀಡಿದ ಪ್ರಾಧಿಕಾರದ್ದು. 122ನೆಯ ಪ್ರಕರಣವು ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಅಪಾಯ ಅಥವಾ ಅಡ್ಡಿಯಾಗುವಂತೆ ವಾಹನ ಬಿಡುವುದನ್ನು ನಿಷೇಧಿಸುತ್ತದೆ. ಬೇರೆ ದಂಡವನ್ನು ಹೇಳದ ತಪ್ಪುಗಳಿಗೆ 177ನೆಯ ಪ್ರಕರಣ ಅನ್ವಯಿಸುತ್ತದೆ. 2019ರ ತಿದ್ದುಪಡಿಗೆ ಮೊದಲು ಅದರಡಿ ಮೊದಲ ತಪ್ಪಿಗೆ 100 ರೂಪಾಯಿವರೆಗೆ ದಂಡವಿತ್ತು. ಆ ವರ್ಷದ ಸೆಪ್ಟೆಂಬರ್ 1ರಿಂದ ಅದು 500 ರೂಪಾಯಿಗೆ ಏರಿತು.

ಇಲ್ಲಿ ಗಮನಿಸಬೇಕಾದ ಪದ 'ಸಾರ್ವಜನಿಕ ಸ್ಥಳ'. ಸಾರ್ವಜನಿಕರಿಗೆ ಹಕ್ಕಿನಿಂದ ಪ್ರವೇಶವಿರುವ ರಸ್ತೆ, ದಾರಿ ಅಥವಾ ಇತರ ಸ್ಥಳ ಎಂದು ಅಧಿನಿಯಮವೇ ಇದನ್ನು ವಿವರಿಸುತ್ತದೆ. ಗೇಟಿನಲ್ಲಿ ಕಾವಲುಗಾರನಿದ್ದು, ಹೆಸರು ಬರೆಸಿಕೊಂಡೇ ಒಳಬಿಡುವ ವಸತಿ ಸಮುಚ್ಚಯದ ಅಂಗಳ ಸಾಮಾನ್ಯವಾಗಿ ಈ ಅರ್ಥದೊಳಗೆ ಬರುವುದಿಲ್ಲ. ಹಾಗಾಗಿ ಅಲ್ಲಿ ವಾಹನವನ್ನು ಓರೆಯಾಗಿ ನಿಲ್ಲಿಸಿದ ಮಾತ್ರಕ್ಕೆ ಮೋಟಾರು ವಾಹನ ಅಧಿನಿಯಮದ ಅಪರಾಧವಾಗದು. ಸಂಘದ ಕಾರ್ಯದರ್ಶಿಗೆ ಪೊಲೀಸ್ ಅಧಿಕಾರವೂ ಇಲ್ಲ. ಗಾಜಿಗೆ ಅಂಟಿಸುವ ಚೀಟಿಯಲ್ಲಿ 'ಚಲನ್', 'ಅಪರಾಧ', 'ಕಾನೂನು ಕ್ರಮ' ಎಂಬ ಪದಗಳನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದರೂ ಅದು ಹಣ ಕೇಳುವ ಪತ್ರವೇ ಹೊರತು ಆದೇಶವಲ್ಲ.

ನಿಲುಗಡೆಯ ಜಾಗ ಯಾರದು

ದಂಡವನ್ನು ಪ್ರಶ್ನಿಸುವ ಮೊದಲು ಜಾಗದ ಒಡೆತನ ತಿಳಿದಿರಬೇಕು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, 1972 ನಿಲುಗಡೆಯ ಪ್ರದೇಶಗಳನ್ನು, ಘೋಷಣಾ ಪತ್ರದಲ್ಲಿ ಬೇರೆ ರೀತಿ ಹೇಳದಿದ್ದಲ್ಲಿ, ಸಾಮಾನ್ಯ ಪ್ರದೇಶಗಳ ಪಟ್ಟಿಯಲ್ಲಿ ಸೇರಿಸಿದೆ. ಅಂದರೆ ಅವು ಎಲ್ಲ ಮಾಲೀಕರಿಗೂ ಅವಿಭಕ್ತವಾಗಿ ಸೇರಿದವು.

ನಹಲ್‌ಚಂದ್ ಲಾಲೂಚಂದ್ ವಿರುದ್ಧ ಪಾಂಚಾಲಿ ಸಹಕಾರಿ ಗೃಹ ಸಂಘ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಆಗಸ್ಟ್ 31ರಂದು ಮಹತ್ವದ ತೀರ್ಪು ನೀಡಿತು. ಕಂಬಗಳ ಮೇಲೆ ನಿಂತ ಕಟ್ಟಡದ ಕೆಳಗಿನ ತೆರೆದ ಜಾಗ 'ಗ್ಯಾರೇಜ್' ಅಲ್ಲ, ಅದನ್ನು ನಿರ್ಮಾಪಕನು ಮನೆಯಿಂದ ಬೇರ್ಪಡಿಸಿ ಮಾರುವಂತಿಲ್ಲ ಎಂಬುದು ಅದರ ಸಾರ. ತೀರ್ಪು ಮಹಾರಾಷ್ಟ್ರದ ಕಾಯ್ದೆಯನ್ನು ಕುರಿತದ್ದಾದರೂ ಕರ್ನಾಟಕದ ವ್ಯಾಜ್ಯಗಳಲ್ಲಿಯೂ ಅದನ್ನು ಮುಂದಿಡಲಾಗುತ್ತದೆ. 2016ರ ಸ್ಥಿರಾಸ್ತಿ ನಿಯಂತ್ರಣ ಅಧಿನಿಯಮ (ರೇರಾ) ತೆರೆದ ನಿಲುಗಡೆ ಜಾಗವನ್ನು ಸಾಮಾನ್ಯ ಪ್ರದೇಶವೆಂದೇ ಕರೆದು, ಚಾವಣಿ ಮತ್ತು ಮೂರು ಕಡೆ ಗೋಡೆ ಇದ್ದುದನ್ನು ಮಾತ್ರ ಗ್ಯಾರೇಜ್ ಎಂದು ವಿವರಿಸಿದೆ.

ಬಾಡಿಗೆದಾರನ ಸ್ಥಾನ

ಮನೆಯ ಮಾಲೀಕ ಸಂಘದ ಸದಸ್ಯ; ಬಾಡಿಗೆದಾರ ಸಾಮಾನ್ಯವಾಗಿ ಸದಸ್ಯನಲ್ಲ. ಸರ್ವಸದಸ್ಯರ ಸಭೆಯಲ್ಲಿ ಅವನಿಗೆ ಮತವಿಲ್ಲ, ದಂಡದ ಮೊತ್ತವನ್ನು ನಿಗದಿ ಮಾಡುವಾಗ ಅವನ ಮಾತನ್ನು ಕೇಳುವವರೂ ಇಲ್ಲ. ಆದರೂ ಅಪಾರ್ಟ್‌ಮೆಂಟ್ ಅಧಿನಿಯಮವು ಮಾಲೀಕರ ಜೊತೆಗೆ ಅವರ ಬಾಡಿಗೆದಾರರನ್ನೂ ಉಪವಿಧಿಗಳಿಗೆ (ಬೈಲಾ) ಅಧೀನರನ್ನಾಗಿಸುತ್ತದೆ. ಹೊಣೆಯುಂಟು, ದನಿಯಿಲ್ಲ ಎಂಬ ಈ ವಿಷಮ ಸ್ಥಿತಿಯೇ ಬಹುತೇಕ ವ್ಯಾಜ್ಯಗಳ ಮೂಲವಾಗಿದೆ.

ಇದಕ್ಕೆ ಎದುರಾಗಿ ಬಾಡಿಗೆದಾರನಿಗೆ ಇರುವ ಆಸರೆ ಅವನ ಕರಾರು ಪತ್ರ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ ರಾಜ್ಯದಲ್ಲಿ 11 ತಿಂಗಳ ಕರಾರು ರೂಢಿಯಲ್ಲಿದೆ. ಅದರಲ್ಲಿ 'ಒಂದು ಕಾರು ನಿಲುಗಡೆ ಸಹಿತ' ಎಂದು ಬರೆದಿದ್ದರೆ ಮಾಲೀಕನು ಆ ಜಾಗವನ್ನೂ ಬಾಡಿಗೆಗೆ ಕೊಟ್ಟಂತಾಯಿತು. ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 108ನೆಯ ಪ್ರಕರಣದಂತೆ ಬಾಡಿಗೆ ಕಟ್ಟುತ್ತಿರುವವನು ಅಡ್ಡಿಯಿಲ್ಲದೆ ಸ್ವತ್ತನ್ನು ಅನುಭವಿಸಲು ಅರ್ಹ. ಮಾಲೀಕನಿಗೆ ಸೇರಿದ ಗೊತ್ತಾದ ಜಾಗದಲ್ಲಿ ವಾಹನ ನಿಲ್ಲಿಸಿದ್ದಕ್ಕೆ, ಸ್ಟಿಕ್ಕರ್ ಇಲ್ಲವೆಂಬ ಒಂದೇ ಕಾರಣದಿಂದ ದಂಡ ಕೇಳಿದರೆ ಉತ್ತರ ಇಲ್ಲಿದೆ. ಕರಾರಿನಲ್ಲಿ ನಿಲುಗಡೆಯ ಮಾತೇ ಇಲ್ಲದಿದ್ದರೆ ವಾದ ದುರ್ಬಲವಾಗುತ್ತದೆ; ಮನೆ ತೋರಿಸುವಾಗ ಬಾಯಿಮಾತಿನಲ್ಲಿ 'ಗಾಡಿ ಕೆಳಗೆ ನಿಲ್ಲಿಸಿಕೊಳ್ಳಿ' ಎಂದದ್ದನ್ನು ಆಮೇಲೆ ಸಾಬೀತುಪಡಿಸುವುದು ಕಷ್ಟ.

ಕರ್ನಾಟಕ ಬಾಡಿಗೆ ಅಧಿನಿಯಮ, 1999ರ ರಕ್ಷಣೆ ಇಲ್ಲಿ ಹೆಚ್ಚು ನೆರವಾಗದು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ. ಇಂದಿನ ಬಾಡಿಗೆಯಲ್ಲಿ ಆ ಮಿತಿಯೊಳಗೆ ದೊರೆಯುವ ಅಪಾರ್ಟ್‌ಮೆಂಟ್ ಯಾವುದೆಂದು ಹುಡುಕಬೇಕು.

ಒಪ್ಪಂದದಲ್ಲಿ ಬರೆದ ದಂಡದ ಬೆಲೆ

ಉಪವಿಧಿಯಲ್ಲಿ ದಿನಕ್ಕೆ ಇಷ್ಟು ದಂಡವೆಂದು ಬರೆದಿದ್ದರೂ ಅಷ್ಟೂ ಹಣ ತಾನಾಗಿ ಸಂಘಕ್ಕೆ ಸಲ್ಲುವುದಿಲ್ಲ. ಭಾರತೀಯ ಕರಾರು ಅಧಿನಿಯಮ, 1872ರ 74ನೆಯ ಪ್ರಕರಣವು ಕರಾರು ಮುರಿದಾಗ ಬರೆದ ಮೊತ್ತವನ್ನು ಮೀರದಂತೆ 'ಸಮಂಜಸ ಪರಿಹಾರ'ವನ್ನು ಮಾತ್ರ ಕೊಡಿಸುತ್ತದೆ. ಬರೆದ ಮೊತ್ತ ಮೇಲಿನ ಮಿತಿ, ಸಿಗಲೇಬೇಕಾದ ಹಣವಲ್ಲ. ಫತೇಚಂದ್ ವಿರುದ್ಧ ಬಾಲಕಿಷನ್ ದಾಸ್ (1963) ಮತ್ತು ಕೈಲಾಸನಾಥ್ ಅಸೋಸಿಯೇಟ್ಸ್ ವಿರುದ್ಧ ದೆಹಲಿ ಅಭಿವೃದ್ಧಿ ಪ್ರಾಧಿಕಾರ (2015) ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಈ ತತ್ತ್ವವನ್ನು ವಿವರಿಸಿದೆ. ಎರಡನೆಯ ತೀರ್ಪಿನಂತೆ ನಷ್ಟವೇ ಆಗದ ಕಡೆ ಪರಿಹಾರದ ಪ್ರಶ್ನೆಯೂ ಇಲ್ಲ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಬಾಡಿಗೆದಾರನು ಇನ್ನೊಬ್ಬರ ಕಾರಿಗೆ ಅಡ್ಡವಾಗಿ ತನ್ನ ವಾಹನ ಬಿಟ್ಟು ಹೋದನೆನ್ನೋಣ. ಆ ಮನೆಯವರು ರೋಗಿಯನ್ನು ಕರೆದೊಯ್ಯಲು ಬಾಡಿಗೆ ಕಾರು ತರಿಸಬೇಕಾಗಿ ಬಂದರೆ ಅದು ಲೆಕ್ಕ ಹಾಕಬಹುದಾದ ನಷ್ಟ; ಅದನ್ನು ಕೊಡುವುದು ನ್ಯಾಯವೂ ಹೌದು. ಅದೇ ವಾಹನ ರಾತ್ರಿ ಖಾಲಿಯಿದ್ದ ಅತಿಥಿಗಳ ಜಾಗದಲ್ಲಿ ನಿಂತಿದ್ದರೆ ಸಾವಿರಾರು ರೂಪಾಯಿಯ ನಷ್ಟವನ್ನು ತೋರಿಸಲು ಸಂಘಕ್ಕೆ ಸಾಧ್ಯವಾಗದು.

ಸಂಘಕ್ಕೆ ಹಣ ಬೇಕೇ ಬೇಕೆಂದಿದ್ದರೆ ಅದು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಉಪವಿಧಿ ಮುರಿದವರ ಮೇಲೆ ಹಣ ವಸೂಲಿ, ನಷ್ಟ ಪರಿಹಾರ ಅಥವಾ ತಡೆಯಾಜ್ಞೆಗಾಗಿ ದಾವೆ ಹೂಡಲು ಅಪಾರ್ಟ್‌ಮೆಂಟ್ ಅಧಿನಿಯಮವೇ ದಾರಿ ತೋರಿಸಿದೆ.

ಆಕ್ಷೇಪಣೆ ಸಲ್ಲಿಸುವ ಬಗೆ

ಭಾರತದಲ್ಲಿ ಖಾಸಗಿ ನಿಲುಗಡೆ ದಂಡಕ್ಕೆಂದೇ ಮೇಲ್ಮನವಿ ಸಂಸ್ಥೆ ಇಲ್ಲ. ಆದ್ದರಿಂದ ಮೊದಲ ಮೆಟ್ಟಿಲು ಪತ್ರವ್ಯವಹಾರವೇ. ಚೀಟಿ ಕಂಡ ಕೂಡಲೇ ವಾಹನ ನಿಂತ ಜಾಗ, ಅಲ್ಲಿನ ಫಲಕ, ನೆಲದ ಗೆರೆ, ಮನೆಯ ಸಂಖ್ಯೆ ಬರೆದ ಕಂಬ ಇವುಗಳ ಛಾಯಾಚಿತ್ರ ತೆಗೆದಿಡುವುದು ಮುಖ್ಯ. ವಾರ ಕಳೆದ ಮೇಲೆ ಹೊಸ ಫಲಕ ಬಂದಿರಬಹುದು. ನಂತರ ಸಂಘದ ಕಾರ್ಯದರ್ಶಿಗೆ ಲಿಖಿತ ಆಕ್ಷೇಪಣೆ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಸಹಿ ಪಡೆಯಬೇಕು. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟ್ ಇದೆ. ಪತ್ರದಲ್ಲಿ ಕೋಪದ ಮಾತಿಗಿಂತ ಪ್ರಶ್ನೆಗಳಿಗೆ ಬಲ ಹೆಚ್ಚು: ಯಾವ ಉಪವಿಧಿಯ ಕೆಳಗೆ ದಂಡ, ಅದು ಯಾವ ದಿನಾಂಕದ ಸರ್ವಸದಸ್ಯರ ಸಭೆಯಲ್ಲಿ ಅಂಗೀಕಾರವಾಯಿತು, ನಿಯಮವನ್ನು ಬಾಡಿಗೆದಾರನಿಗೆ ಯಾವಾಗ ತಿಳಿಸಲಾಯಿತು, ಆದ ನಷ್ಟವೇನು. ಕೇವಲ ವಾಟ್ಸ್‌ಆ್ಯಪ್ ಗುಂಪಿನ ಸಂದೇಶದಿಂದ ಹುಟ್ಟಿದ ನಿಯಮವಾದರೆ ಮೊದಲ ಪ್ರಶ್ನೆಗೇ ಉತ್ತರವಿರುವುದಿಲ್ಲ.

ಪತ್ರದ ಪ್ರತಿಯೊಂದು ಮಾಲೀಕನಿಗೂ ಹೋಗಬೇಕು. ಸಂಘವು ದಂಡವನ್ನು ಮಾಲೀಕನ ನಿರ್ವಹಣಾ ಶುಲ್ಕದ ಬಿಲ್ಲಿಗೆ ಸೇರಿಸಿ, ಮಾಲೀಕನು ಅದನ್ನು ಸದ್ದಿಲ್ಲದೆ ಕಟ್ಟಿ, ಕೊನೆಗೆ ಮುಂಗಡದಿಂದ ಕಳೆಯುವುದು ಸಾಮಾನ್ಯ ಕ್ರಮ. ವಿವಾದವಿದೆ ಎಂದು ಮೊದಲೇ ತಿಳಿಸಿದ್ದರೆ ಆ ಕಡಿತವನ್ನು ಪ್ರಶ್ನಿಸುವುದು ಸುಲಭ. ಕರಾರಿನಲ್ಲಿ ಅವಕಾಶವಿಲ್ಲದೆ ಮುಂಗಡದಿಂದ ಕಳೆದ ಹಣವನ್ನು ಹಿಂದೆ ಕೇಳಬಹುದು.

ಸಂಘವು ಸಹಕಾರ ಸಂಘವಾಗಿ ನೋಂದಣಿಯಾಗಿದ್ದರೆ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರ 70ನೆಯ ಪ್ರಕರಣದಡಿ ಸದಸ್ಯ ಮತ್ತು ಸಂಘದ ನಡುವಣ ವಿವಾದವನ್ನು ನಿಬಂಧಕರ ಮುಂದೆ ಒಯ್ಯಬಹುದು. ಈ ಹಾದಿಯಲ್ಲಿ ಮಾಲೀಕನೇ ಮುಂದಾಗಬೇಕು. ಮಾಹಿತಿ ಹಕ್ಕು ಅರ್ಜಿಯಿಂದ ಸಂಘದ ನಡಾವಳಿ ಪಡೆಯಬಹುದೆಂಬ ನಂಬಿಕೆ ಸರಿಯಲ್ಲ. ಸರ್ಕಾರದ ಒಡೆತನ ಅಥವಾ ಗಣನೀಯ ಧನಸಹಾಯವಿಲ್ಲದ ಸಹಕಾರ ಸಂಘಗಳು ಸಾರ್ವಜನಿಕ ಪ್ರಾಧಿಕಾರಗಳಲ್ಲವೆಂದು 2013ರ ತಲಪ್ಪಾಲಂ ಪ್ರಕರಣದಲ್ಲಿ ತೀರ್ಪಾಗಿದೆ.

ಖರ್ಚಿಲ್ಲದ ಮಾರ್ಗವೆಂದರೆ ಕಾನೂನು ಸೇವಾ ಪ್ರಾಧಿಕಾರ. 1987ರ ಅಧಿನಿಯಮದಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರಿಗೆ ಉಚಿತ ಕಾನೂನು ನೆರವು ದೊರೆಯುತ್ತದೆ. ದಾವೆ ಹೂಡುವ ಮೊದಲೇ ಲೋಕ್ ಅದಾಲತ್‌ನಲ್ಲಿ ರಾಜಿಗೆ ಯತ್ನಿಸಬಹುದು. ಚಾಮರಾಜನಗರದಲ್ಲಿ ಜಿಲ್ಲಾ ಪ್ರಾಧಿಕಾರವೂ ಗುಂಡ್ಲುಪೇಟೆಯಲ್ಲಿ ತಾಲ್ಲೂಕು ಸಮಿತಿಯೂ ಇವೆ. ಹಣ ಪಡೆದು ನಿಲುಗಡೆ ಸೇವೆ ಕೊಡುವ ಗುತ್ತಿಗೆದಾರರ ವಿರುದ್ಧವಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.

ಚಕ್ರಕ್ಕೆ ಬೀಗ

ದಂಡದ ಚೀಟಿಗಿಂತ ತೊಂದರೆಯದು ಚಕ್ರಕ್ಕೆ ಹಾಕುವ ಬೀಗ. ಮೋಟಾರು ವಾಹನ ಅಧಿನಿಯಮದ 127ನೆಯ ಪ್ರಕರಣದಂತೆ, ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಹೆಚ್ಚು ಕಾಲ ಬಿಟ್ಟುಹೋದ, ಇಲ್ಲವೇ ನಿಲುಗಡೆ ನಿಷೇಧವಿರುವಲ್ಲಿ ನಿಲ್ಲಿಸಿದ ವಾಹನವನ್ನು ಎಳೆದೊಯ್ಯಲು ಅಥವಾ ಚಕ್ರಬೀಗ ಹಾಕಲು ಅನುಮತಿ ಕೊಡಬಲ್ಲವನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ. ಕಾವಲುಗಾರನಿಗೆ ಅಂಥ ಅಧಿಕಾರವನ್ನು ಈ ಅಧಿನಿಯಮ ಕೊಟ್ಟಿಲ್ಲ. ಹಣ ಕೊಟ್ಟರೆ ಮಾತ್ರ ಬೀಗ ತೆಗೆಯುವೆವೆಂದು ಪಟ್ಟು ಹಿಡಿದರೆ ಪೊಲೀಸರಿಗೆ ದೂರು ಕೊಡಬಹುದು. ಆಸ್ಪತ್ರೆಗೆ ಹೋಗುವಂಥ ತುರ್ತಿದ್ದು ಹಣ ಕೊಡಲೇಬೇಕಾದರೆ 'ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದೆ' ಎಂದು ಬರೆದು ರಸೀದಿ ಪಡೆಯುವುದು ವಿವೇಕ. ಬೀಗವನ್ನು ಒಡೆಯುವುದು ಮಾತ್ರ ಬೇಡ. ದೂರುದಾರನೇ ಆರೋಪಿಯಾಗುವ ಸಂಭವವಿದೆ.

ಬಂಡೀಪುರ ಪ್ರದೇಶದಲ್ಲಿ

ಗುಂಡ್ಲುಪೇಟೆಯಿಂದ ಕೇರಳದತ್ತ ಹೋಗುವ 766ನೆಯ ಮತ್ತು ಊಟಿಯತ್ತ ಹೋಗುವ 181ನೆಯ ರಾಷ್ಟ್ರೀಯ ಹೆದ್ದಾರಿಗಳು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶವನ್ನು ಹಾದುಹೋಗುತ್ತವೆ. ಕಾಡಿನೊಳಗೆ ವಾಹನ ನಿಲ್ಲಿಸುವುದು, ಇಳಿದು ಚಿತ್ರ ತೆಗೆಯುವುದು ನಿಷಿದ್ಧ. ಇಲ್ಲಿ ಅರಣ್ಯ ಇಲಾಖೆ ವಿಧಿಸುವ ದಂಡವನ್ನು ಖಾಸಗಿ ದಂಡದೊಂದಿಗೆ ಬೆರೆಸಬಾರದು. ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರಲ್ಲಿ ಅಪರಾಧವನ್ನು ಹಣ ಪಡೆದು ಮುಗಿಸುವ ಅಧಿಕಾರವನ್ನು ಗೊತ್ತಾದ ಅಧಿಕಾರಿಗಳಿಗೆ ಕೊಡಲಾಗಿದೆ. ತಪ್ಪು ಮಾಡಿಲ್ಲವೆನ್ನುವವರು ರಾಜಿಗೆ ಒಪ್ಪದೆ ನ್ಯಾಯಾಲಯದಲ್ಲಿ ವಾದಿಸಬಹುದು.

2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಜಾರಿಗೆ ತಂದ ರಾತ್ರಿ ಸಂಚಾರ ನಿಷೇಧದಂತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ಹಾದಿಗಳಲ್ಲಿ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ತಡವಾಗಿ ಬಂದವರು ವಸತಿಗೃಹ, ಹೋಟೆಲುಗಳ ಅಂಗಳದಲ್ಲಿ ವಾಹನ ನಿಲ್ಲಿಸಬೇಕಾಗುತ್ತದೆ. ಅಲ್ಲಿ ಮೊದಲೇ ತಿಳಿಸಿದ ಶುಲ್ಕ ಒಪ್ಪಂದದ ಹಣ. ಬೆಳಿಗ್ಗೆ ಹೊರಡುವಾಗ ಹೇಳಿದ 'ದಂಡ'ಕ್ಕೆ ಒಪ್ಪಂದದ ಬಲವಿಲ್ಲ. 'ವಾಹನ ಮಾಲೀಕರ ಹೊಣೆಯಲ್ಲಿ' ಎಂಬ ಫಲಕವೂ ಎಲ್ಲ ಸಂದರ್ಭದಲ್ಲಿ ಹೋಟೆಲಿನವರನ್ನು ಕಾಯದು. ಕೀಲಿಯನ್ನು ತಾವೇ ಪಡೆದು ನಿಲ್ಲಿಸಿದ ಕಾರು ಕಳುವಾದರೆ, ತಮ್ಮ ನಿರ್ಲಕ್ಷ್ಯವಿಲ್ಲವೆಂದು ತೋರಿಸುವ ಭಾರ ಹೋಟೆಲಿನದೆಂದು 2019ರ ತಾಜ್‌ಮಹಲ್ ಹೋಟೆಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡುವುದಿಲ್ಲ. ಅವನ್ನು ತಪ್ಪಲಿನಲ್ಲಿ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೆ ಹೋಗಬೇಕು.

ಇಂಗ್ಲೆಂಡಿನ ಕ್ರಮ

ಓದಲು ಇಂಗ್ಲೆಂಡಿಗೆ ಹೋಗುವ ಕನ್ನಡಿಗರಿಗೆ ಎದುರಾಗುವುದು ಬೇರೆಯೇ ವ್ಯವಸ್ಥೆ. 2012ರ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಖಾಸಗಿ ಜಾಗದ ಚಕ್ರಬೀಗ ನಿಷಿದ್ಧವಾಯಿತು. ಬದಲಿಗೆ, ಚಾಲಕ ಯಾರೆಂದು ತಿಳಿಯದಿದ್ದಾಗ ವಾಹನದ ನೋಂದಾಯಿತ ಬಳಕೆದಾರನಿಂದ ಹಣ ಕೇಳುವ ಅವಕಾಶ ಬಂತು. 2015ರಲ್ಲಿ ಪಾರ್ಕಿಂಗ್‌ಐ ವಿರುದ್ಧ ಬೀವಿಸ್ ಪ್ರಕರಣದಲ್ಲಿ, ಎರಡು ಗಂಟೆಯ ಉಚಿತ ಅವಧಿಯನ್ನು 56 ನಿಮಿಷ ಮೀರಿದ್ದಕ್ಕೆ ಕೇಳಿದ 85 ಪೌಂಡನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ನೇರ ನಷ್ಟವಿಲ್ಲದಿದ್ದರೂ ಜಾಗವನ್ನು ನಿರ್ವಹಿಸುವ ಹಿತಾಸಕ್ತಿ ಸಾಕೆಂಬ ಈ ನಿಲುವು ಭಾರತದ 74ನೆಯ ಪ್ರಕರಣದ ದಾರಿಗಿಂತ ಭಿನ್ನ. ವಸತಿಗಳ ವಿಷಯದಲ್ಲಿ ಮಾತ್ರ ಆಕ್ಸ್‌ಫರ್ಡ್ ಕೌಂಟಿ ನ್ಯಾಯಾಲಯವು 2016ರಲ್ಲಿ ಜಾಪ್ಸನ್ ವಿರುದ್ಧ ಹೋಮ್‌ಗಾರ್ಡ್ ಪ್ರಕರಣದಲ್ಲಿ ನಿವಾಸಿಯ ಪರವಾಗಿ ತೀರ್ಪಿತ್ತಿತು. ಸಾಮಾನು ಇಳಿಸಲು ಕೆಲ ನಿಮಿಷ ನಿಲ್ಲುವುದು 'ಪಾರ್ಕಿಂಗ್' ಅಲ್ಲ, ಗುತ್ತಿಗೆ ಪತ್ರದ ಹಕ್ಕನ್ನು ನಿಲುಗಡೆ ಕಂಪನಿಯ ಫಲಕ ಕಸಿಯಲಾರದು ಎಂದು ಅದು ಹೇಳಿತು.

ಅಲ್ಲಿ ಮೊದಲು ಕಂಪನಿಗೆ, ಅದು ನಿರಾಕರಿಸಿದರೆ ಆ ಕಂಪನಿ ಸೇರಿದ ವೃತ್ತಿಸಂಘವನ್ನು ಅನುಸರಿಸಿ ಪಾಪ್ಲಾ ಅಥವಾ ಐ.ಎ.ಎಸ್. ಎಂಬ ಮೇಲ್ಮನವಿ ಸೇವೆಗೆ ಬರೆಯಬೇಕು. ಪಾಪ್ಲಾ ವಾಹನದವರಿಂದ ಶುಲ್ಕ ಪಡೆಯುವುದಿಲ್ಲ; ಅದರ ನಿರ್ಣಯ ಕಂಪನಿಯನ್ನು ಬಂಧಿಸುತ್ತದೆ, ವಾಹನದವರನ್ನಲ್ಲ. ಸಾಲ ವಸೂಲಿಗಾರರ ಪತ್ರಗಳಿಗೆ ನ್ಯಾಯಾಲಯದ ಬಲವಿಲ್ಲವಾದರೂ ಕೌಂಟಿ ನ್ಯಾಯಾಲಯದ ದಾವೆ ಪತ್ರಕ್ಕೆ ಉತ್ತರ ಕೊಡದೆ ಇರಬಾರದು. ಏಕಪಕ್ಷೀಯ ತೀರ್ಪಾಗಿ ಒಂದು ತಿಂಗಳೊಳಗೆ ಹಣ ಕಟ್ಟದಿದ್ದರೆ ಅದು ಆರು ವರ್ಷ ದಾಖಲೆಯಲ್ಲಿ ಉಳಿಯುತ್ತದೆ. ವಿದ್ಯಾರ್ಥಿಗಳು ಮನೆ ಬದಲಿಸಿದಾಗ ವಾಹನ ನೋಂದಣಿಯ ವಿಳಾಸವನ್ನೂ ಬದಲಿಸಬೇಕು. ದಾವೆ ಪತ್ರ ಹಳೆಯ ವಿಳಾಸಕ್ಕೆ ಹೋಗಿ, ತೀರ್ಪಾದ ಮೇಲೆಯೇ ವಿಷಯ ತಿಳಿಯುವುದು ಅಪರೂಪವಲ್ಲ.