‘ಸೋಲು’: ಪದದ ಅರ್ಥ ಮತ್ತು ಮೂಲ

ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಕನ್ನಡ ಶಾಲೆಗಳಲ್ಲಿ ಪಂದ್ಯ ಮುಗಿಸಿ ಬಂದ ಮಕ್ಕಳು ‘ನಮ್ಮದು ಹಾರ್ ಆತು ಸರ್’ ಎನ್ನುವುದನ್ನು ನಾವು ಕೇಳುತ್ತಲೇ ಇರುತ್ತೇವೆ. ಮರಾಠಿಯ ‘ಹಾರ್’ ಎಂದರೆ ಪರಾಭವ. ಸಂಸ್ಕೃತದ ‘ಹೃ’ (ಒಯ್ಯು, ಅಪಹರಿಸು) ಧಾತು ಅದರ ಮೂಲ. ಕನ್ನಡದಲ್ಲಿ ‘ಹಾರ’ ಎಂದರೆ ಗೆದ್ದವರ ಕೊರಳಿಗೆ ಹಾಕುವ ಮಾಲೆ. ಮಕ್ಕಳು ಮರೆಯುತ್ತಿರುವ ನಮ್ಮ ಪದ ‘ಸೋಲು’.

ಮೂಲ: ‘ಸೋಲು’ ಅಚ್ಚಗನ್ನಡದ ಪದ, ಹಳಗನ್ನಡದಲ್ಲಿ ‘ಸೋಲ್’. ತುಳುವಿನಲ್ಲಿಯೂ ‘ಸೋಲು’ ಇದೆ. ತಮಿಳು, ಮಲಯಾಳಗಳಲ್ಲಿ ಮೊದಲಕ್ಷರ ‘ತ’ಕಾರವಾಗಿದ್ದು, ‘ತೋಲ್ವಿ’ ಎಂದರೆ ಸೋಲು. ಬರೋ ಮತ್ತು ಎಮಿನೋ ಅವರು 1961ರಲ್ಲಿ ಪ್ರಕಟಿಸಿದ ದ್ರಾವಿಡ ನಿಷ್ಪತ್ತಿ ಕೋಶವು ಇವನ್ನು ಒಂದೇ ಮೂಲದವೆಂದು ಗುರುತಿಸಿದೆ. ಸೊಲ್ಲಾಪುರದ ನೇಕಾರ ಬಂಧುಗಳಾಡುವ ತೆಲುಗಿನಲ್ಲಿ ಮಾತ್ರ ಸೋಲುವುದಕ್ಕೆ ‘ಓಡು’ ಎನ್ನುತ್ತಾರೆ. ನಮಗೆ ಅದು ಕಾಲಿನ ಓಟ.

ರೂಪ: ಕ್ರಿಯಾಪದಕ್ಕೂ ನಾಮಪದಕ್ಕೂ ರೂಪ ಒಂದೇ. ಭೂತಕಾಲದಲ್ಲಿ ‘ಸೋಲಿದೆವು’ ಎಂಬುದು ತಪ್ಪು, ‘ಸೋತೆವು’ ಸರಿ. ಹಳಗನ್ನಡದ ‘ಸೋಲ್ತ’ದಲ್ಲಿನ ಲಕಾರ ಬಿದ್ದು ‘ಸೋತ’ ಆಯಿತು. ನೂಲು–ನೂತ ಎಂಬುದೂ ಇದೇ ಬಗೆಯದು. ನೂಲಿನ ಊರಿನ ಮಕ್ಕಳಿಗೆ ಈ ಜೋಡಿಯನ್ನು ನೆನಪಿಡುವುದು ಸುಲಭ.

ಅರ್ಥ: ಪರಾಭವ ಹೊಂದುವುದು ಮೊದಲನೆಯ ಅರ್ಥ. ದಣಿಯುವುದು ಎರಡನೆಯದು: ‘ನಡೆದು ನಡೆದು ಕಾಲು ಸೋತವು’. ವಶವಾಗುವುದು ಮೂರನೆಯದು: ‘ಹಾಡಿಗೆ ಮನಸೋತಳು’. ಕೋರ್ಟು ಕಚೇರಿ ಅಲೆದವರ ಗಾದೆ ‘ಗೆದ್ದವ ಸೋತ, ಸೋತವ ಸತ್ತ’. ವಸ್ತು ಕಾಣೆಯಾದರೆ ಮಾತ್ರ ‘ಕಳೆದುಕೊಂಡೆ’ ಎನ್ನಬೇಕು. ಮರಾಠಿಯ ‘ಹರವಣೆ’ಗೆ ಕಳೆದುಕೊಳ್ಳು, ಸೋಲಿಸು ಎಂಬ ಎರಡೂ ಅರ್ಥಗಳಿವೆ, ಕನ್ನಡವು ಅವನ್ನು ಬೇರೆ ಬೇರೆ ಪದಗಳಿಂದ ಹೇಳುತ್ತದೆ.

ಊರಿನ ಹೆಸರು: ‘ಸೋಲಾಪುರವೆಂದರೆ ಸೋತವರ ಊರೇ?’ ಎಂದು ಮಕ್ಕಳು ಕೇಳುವುದುಂಟು. ಅಲ್ಲ. ಇದು 12ನೆಯ ಶತಮಾನದ ಶಿವಯೋಗಿ ಸಿದ್ಧರಾಮರ ಊರು. ಇದರ ಹಳೆಯ ಹೆಸರು ಸೊನ್ನಲಿಗೆ. ಹೆಸರಿಗೂ ಸೋಲಿಗೂ ಸಂಬಂಧವಿಲ್ಲ.

ಮರಾಠಿಯನ್ನು ಮಕ್ಕಳು ಚೆನ್ನಾಗಿ ಕಲಿಯಲಿ. ಅದು ನಾವು ಬಾಳುವ ರಾಜ್ಯದ ಭಾಷೆ. ಆದರೆ ಒಂದು ಪದ ಬಿಟ್ಟುಹೋದರೆ ಅದರೊಡನೆ ದಣಿವಿನ, ಒಲವಿನ ಮಾತುಗಳೂ ಹೋಗುತ್ತವೆ. ಮಗು ಮನೆಗೆ ಬಂದು ‘ಹಾರ್ ಆತು’ ಎಂದರೆ ಪಾಲಕರು ಗದರದೆ, ‘ಸೋತಿರೇನು? ಎಷ್ಟು ಅಂಕದಿಂದ ಸೋತಿರಿ?’ ಎಂದು ಕೇಳಿರಿ. ಉತ್ತರ ಕನ್ನಡದಲ್ಲಿಯೇ ಬರುತ್ತದೆ.